ಬೇಸಿಗೆಯಲ್ಲಿ ಗಾಡಿ ಎಳೆಯುತ್ತಿಲ್ಲವೇ? ಟರ್ಬೊ ಬದಲಿಸುವ ಮುಂಚೆ ಇಷ್ಟು ನೋಡಿ



ಈ ವಾರ ಬೆಳೆಯ ವಿಚಾರ ಅಲ್ಲ, ಬೆಳೆದದ್ದನ್ನು ಸಾಗಿಸೋ ಗಾಡಿಯ ವಿಚಾರ. ನಮ್ಮಲ್ಲಿ ಈಗ ಮನೆಗೊಂದು ಅಲ್ಲದಿದ್ದರೂ ಓಣಿಗೊಂದು ಡೀಸೆಲ್ ಪಿಕಪ್ಪೋ ಏಳು ಸೀಟಿನ ಕಾರೋ ಇದ್ದೇ ಇದೆ. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಟರ್ಬೊ ಇದೆ. ಮಾರ್ಚ್ ಬಂತು ಅಂದ್ರೆ ಒಂದೇ ದೂರು: "ಬೆಳಿಗ್ಗೆ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಪಿಕಪ್ಪೇ ಇಲ್ಲ." ಹೋದ ವರ್ಷ ಏಪ್ರಿಲ್‌ನಲ್ಲಿ ನನಗೂ ಇದೇ ಆಯ್ತು. ಕಲಿತದ್ದು, ಮಾಡಿದ ತಪ್ಪು ಎರಡನ್ನೂ ಬರೀತೀನಿ.

ನಮ್ಮದು ಹಿರಿಯೂರು ಹತ್ತಿರ. ಎರಡೂವರೆ ಎಕರೆ ಕಲ್ಲಂಗಡಿ ಹಾಕಿದ್ದೆ. 2016ರ ಮಾಡೆಲ್ ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಒಂದೂಕಾಲು ಟನ್ ಹಣ್ಣು ತುಂಬಿ ದಾವಣಗೆರೆಗೆ ಹೊರಟಾಗ ಹನ್ನೊಂದೂವರೆ ಆಗಿತ್ತು, ಬಿಸಿಲು ನೆತ್ತಿಗೆ ಬಂದಿತ್ತು. ಐಮಂಗಲ ದಾಟಿ ಏರು ಹತ್ತುವಾಗ ಸಿಮೆಂಟ್ ಲಾರಿಯೊಂದನ್ನು ಓವರ್‌ಟೇಕ್ ಮಾಡೋಕೆ ಬಲಕ್ಕೆ ಎಳೆದೆ. ಲಾರಿಯ ಅರ್ಧಕ್ಕೆ ಬಂದಿದ್ದೀನಿ, ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದ ಹಾಗೆ ಗಾಡಿ ನಿಂತುಬಿಡ್ತು. ಆಕ್ಸಿಲರೇಟರ್ ತಳ ಮುಟ್ಟಿಸಿದರೂ ಏನಿಲ್ಲ. 70ರಲ್ಲಿದ್ದ ಮುಳ್ಳು 40ಕ್ಕೆ ಇಳೀತು. ಹಿಂದೆ ಬರ್ತಿದ್ದ ಬಸ್ಸಿನವನು ಹಾರ್ನ್ ಒತ್ತಿಕೊಂಡೇ ಬ್ರೇಕ್ ಹಾಕಿದ. ಟೈರ್ ಕೀರಲು ಸದ್ದು ಕೇಳಿ ಪಕ್ಕದಲ್ಲಿದ್ದ ನನ್ನ ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ಅದಕ್ಕೇ ಹೇಳೋದು, ಪಿಕಪ್ ಹೋಗೋದು ಬರೀ ಮೈಲೇಜಿನ ಪ್ರಶ್ನೆ ಅಲ್ಲ.

ಪಕ್ಕಕ್ಕೆ ಹಾಕಿ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ, ಏನೂ ಆಗಿಲ್ಲದ ಹಾಗೆ ಓಡ್ತು. ಇಪ್ಪತ್ತು ಕಿಲೋಮೀಟರ್ ಆದಮೇಲೆ ಮತ್ತೆ ಅದೇ ಕಥೆ. ದಾವಣಗೆರೆ ಮುಟ್ಟಿದಾಗ ವ್ಯಾಪಾರಿ "ನಾಳೆ ನೋಡೋಣ" ಅಂದ. ರಾತ್ರಿ ಗಾಡಿ ಮೇಲೇ ಮಲಗಿ, ಬೆಳಿಗ್ಗೆ ಕೆಜಿಗೆ ಎರಡು ರೂಪಾಯಿ ಕಡಿಮೆಗೆ ಕೊಟ್ಟು ಬಂದೆ.

ವಾಪಸ್ ಬಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿದ ಹುಡುಗ, "ಟರ್ಬೊ ಹೋಗೈತೆ ಕಣಣ್ಣ, ಹೊಸಾದು ಹಾಕ್ಬೇಕು. ನಲ್ವತ್ತು ಸಾವಿರ ಹಿಡ್ಕೋ" ಅಂದ. ಇನ್ನೂ ಮೂರು ಲೋಡ್ ಹಣ್ಣು ಹೊಲದಲ್ಲಿತ್ತು. ಒಡವೆ ಅಡವಿಡೋಣ ಅಂತ ಹೆಂಡತಿ ಹತ್ರ ಮಾತು ತೆಗೆದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ರೀ, ಬೆಳಿಗ್ಗೆ ಚೆನ್ನಾಗಿ ಓಡುತ್ತೆ ಅಂತೀರ. ಹತ್ತು ನಿಮಿಷ ನಿಲ್ಸಿದ್ರೆ ಸರಿಹೋಗುತ್ತೆ ಅಂತೀರ. ಮುರಿದುಹೋಗಿರೋ ಸಾಮಾನು ರೆಸ್ಟ್ ತಗೊಂಡ್ರೆ ಸರಿಹೋಗುತ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಲ್ಲಿಂದ ಹುಡುಕಾಟ ಶುರುವಾಯ್ತು.

ಬಿಸಿಲಿನ ಪಾಲು ಎಷ್ಟು?

ಮೊದಲು ಟರ್ಬೊ ಏನು ಮಾಡುತ್ತೆ ಅಂತ ತಿಳ್ಕೊಳ್ಳೋಣ. ಎಂಜಿನ್‌ನಿಂದ ಹೊರಗೆ ಹೋಗೋ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತೆ. ಅದೇ ದಂಡಿಗೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಹಿಂಡಿ ಎಂಜಿನ್‌ಗೆ ತುಂಬುತ್ತೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಶಕ್ತಿ ಬರುತ್ತೆ. ಅಷ್ಟೇ ಲೆಕ್ಕ.

ಆದರೆ ಗಾಳಿ ಹಿಂಡಿದರೆ ಬಿಸಿಯಾಗುತ್ತೆ. ಸೈಕಲ್ ಪಂಪ್ ಜೋರಾಗಿ ಹೊಡೆದು ಅದರ ತುದಿ ಮುಟ್ಟಿ ನೋಡಿ, ಗೊತ್ತಾಗುತ್ತೆ. 40 ಡಿಗ್ರಿ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಹಿಂಡಿದರೆ ಅದು ಹೊರಬರೋದು 130 ಡಿಗ್ರಿ ಆಸುಪಾಸಿನಲ್ಲಿ. ಬಿಸಿ ಗಾಳಿ ಹಗುರ, ಅದೇ ಜಾಗದಲ್ಲಿ ಕಡಿಮೆ ಗಾಳಿ ಹಿಡಿಯುತ್ತೆ. ಅದನ್ನು ತಣಿಸೋಕೆ ಇಂಟರ್‌ಕೂಲರ್ ಅಂತ ಇನ್ನೊಂದು ಜಾಲರಿ ಇರುತ್ತೆ, ನೋಡೋಕೆ ಚಿಕ್ಕ ರೇಡಿಯೇಟರ್ ತರ. ಕೆಲವು ಗಾಡಿಗಳಲ್ಲಿ ಮುಂದೆ ರೇಡಿಯೇಟರ್ ಎದುರಿಗೆ, ಕೆಲವದರಲ್ಲಿ ಬಾನೆಟ್ ಮೇಲಿನ ಗಾಳಿಬಾಯಿಯ ಕೆಳಗೆ.

ಈಗ ಮುಖ್ಯ ಲೆಕ್ಕ. 20 ಡಿಗ್ರಿಯ ಬೆಳಗಿನ ಗಾಳಿಗೂ 40 ಡಿಗ್ರಿಯ ಮಧ್ಯಾಹ್ನದ ಗಾಳಿಗೂ ತೂಕದಲ್ಲಿ ಇರೋ ವ್ಯತ್ಯಾಸ ಶೇಕಡ 6ರಿಂದ 7 ಮಾತ್ರ. ಟರ್ಬೊ ಸ್ವಲ್ಪ ಜಾಸ್ತಿ ಹಿಂಡಿ ಅದರಲ್ಲೂ ಒಂದು ಪಾಲನ್ನು ತುಂಬಿಕೊಡುತ್ತೆ. ಅಂದ್ರೆ ಬಿಸಿಲಿಗೆ ಗಾಡಿ ಚೂರು ಮಂಕಾಗೋದು ಸಹಜ. ಏಸಿ ಹಾಕಿದ್ದರೆ ಇನ್ನೂ ಚೂರು. ಆದರೆ ಅರ್ಧಕ್ಕರ್ಧ ಶಕ್ತಿ ಹೋಯ್ತು, ಐದನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಮೂರರಲ್ಲಿ ಹತ್ತಬೇಕಾಯ್ತು ಅಂದ್ರೆ ಅದು ಬಿಸಿಲಿನ ತಪ್ಪಲ್ಲ. ಬೇಸಿಗೆಯಲ್ಲಿ ಹೀಗೇ ಅಂತ ಸುಮ್ಮನಾಗಬೇಡಿ. ಎಲ್ಲೋ ಇರೋ ದೋಷವನ್ನು ಬಿಸಿಲು ಹೊರಗೆ ಹಾಕಿದೆ.

ಸ್ಪ್ಯಾನರ್ ಹಿಡಿಯೋ ಮುಂಚೆ

ಒಂದು ದಿನ ಸುಮ್ಮನೆ ಗಮನಿಸಿ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಶಕ್ತಿ ನಿಧಾನಕ್ಕೆ ಕಡಿಮೆ ಆಗುತ್ತಾ, ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ಹೋಗುತ್ತಾ? ಇದು ಬಹಳ ದೊಡ್ಡ ಸುಳಿವು. ನಿಧಾನಕ್ಕೆ ಹೋದರೆ ಕಟ್ಟಿಕೊಂಡ ಫಿಲ್ಟರ್, ಧೂಳು ತುಂಬಿದ ಇಂಟರ್‌ಕೂಲರ್, ಸೋರುವ ಪೈಪಿನ ಕಡೆ ನೋಡಬೇಕು. ಒಮ್ಮೆಲೇ ಹೋಗಿ, ಬಂದ್ ಮಾಡಿ ಸ್ಟಾರ್ಟ್ ಮಾಡಿದರೆ ಬಂದರೆ, ಎಂಜಿನ್ನಿನ ಕಂಪ್ಯೂಟರ್ ಅಂದ್ರೆ ಇಸಿಯು ತಾನೇ ಶಕ್ತಿ ಕಡಿತ ಮಾಡಿದೆ ಅಂತ ಅರ್ಥ. ಅದಕ್ಕೆ ಏನೋ ತಪ್ಪು ಕಂಡಿದೆ, ಎಂಜಿನ್ ಉಳಿಸೋಕೆ ಡೀಸೆಲ್ ಕಡಿಮೆ ಮಾಡಿದೆ. ಇದಕ್ಕೆ ಲಿಂಪ್ ಮೋಡ್ ಅಂತಾರೆ.

ಹೊಗೆ ಬಣ್ಣ ನೋಡಿ. ಕಪ್ಪು ಹೊಗೆ ಇದ್ದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ, ಅದು ಬೇರೆಯೇ ಖರ್ಚು. ಹೊಗೆಯೇ ಇಲ್ಲದೆ ಶಕ್ತಿ ಇಲ್ಲ ಅಂದ್ರೆ ಡೀಸೆಲ್ ಸರಬರಾಜು ಅಥವಾ ಇಸಿಯು ಕಡಿತ. ಉಬ್ಬಸ ಬಂದವರ ಹಾಗೆ 'ಸುಸ್ಸ್' ಅಂತ ಗಾಳಿ ಸದ್ದು ಬಂದರೆ ಎಲ್ಲೋ ಸೋರಿಕೆ ಇದೆ. ಹೀಟ್ ಮುಳ್ಳು ಎಲ್ಲಿದೆ ನೋಡಿ. ಕೂಲಂಟ್ 105 ಡಿಗ್ರಿ ದಾಟಿದರೆ ಎಷ್ಟೋ ಗಾಡಿಗಳು ತಾವೇ ಶಕ್ತಿ ಇಳಿಸುತ್ತವೆ, ಆಗ ಹುಡುಕಬೇಕಾದದ್ದು ಟರ್ಬೊ ಅಲ್ಲ, ರೇಡಿಯೇಟರ್ ಮತ್ತು ಫ್ಯಾನ್. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ. ಮುಖ ಸುಟ್ಟುಕೊಂಡವರನ್ನು ನೋಡಿದ್ದೀನಿ.

ಇನ್ನೊಂದು ಮಾತು. ಆರ್‌ಪಿಎಂ ಮುಳ್ಳು ಏರುತ್ತೆ, ವೇಗ ಏರಲ್ಲ ಅಂದ್ರೆ ಕ್ಲಚ್ ಜಾರ್ತಿದೆ, ಶಕ್ತಿ ಹೋಗಿಲ್ಲ. ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರದ ಹತ್ತಿರ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಕೆಂಡದ ಹಾಗೆ ಕಾದಿದ್ದರೆ ಬ್ರೇಕ್ ಹಿಡ್ಕೊಂಡಿದೆ. ಇದನ್ನೇ ನೋಡದೆ ಇಂಜೆಕ್ಟರ್ ಬಿಚ್ಚಿಸಿದ ಪುಣ್ಯಾತ್ಮರು ನಮ್ಮೂರಲ್ಲೇ ಇದ್ದಾರೆ.

ಒಂಬೈನೂರು ರೂಪಾಯಿಯ ಕಣ್ಣು

ಚಳ್ಳಕೆರೆಯ ಹತ್ತಿರ ಒಬ್ಬರು ಹಳೇ ಟ್ರಾಕ್ಟರ್ ಮೇಸ್ತ್ರಿ ಇದ್ದಾರೆ, ನಮ್ಮ ಅಪ್ಪನ ಕಾಲದವರು. ಫೋನ್ ಮಾಡಿದೆ. "ನಿನ್ನ ಕೈಲಿ ಅಷ್ಟು ದೊಡ್ಡ ಫೋನ್ ಐತಲ್ಲಪ್ಪ, ಅದನ್ನ ಗಾಡಿಗೆ ಹಾಕಿ ನೋಡು" ಅಂದರು. ಅವರು ಹೇಳಿದ್ದು ಓಬಿಡಿ ಸ್ಕ್ಯಾನರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನಲ್ಲಿ ಇರೋ ಸಾಕೆಟ್ಟಿಗೆ ಚುಚ್ಚಬೇಕು, ಬ್ಲೂಟೂತ್‌ನಲ್ಲಿ ಫೋನಿಗೆ ಸೇರುತ್ತೆ. ಆನ್‌ಲೈನ್‌ನಲ್ಲಿ ನನಗೆ 900 ರೂಪಾಯಿಗೆ ಸಿಕ್ಕಿತು. ಟಾರ್ಕ್, ಕಾರ್ ಸ್ಕ್ಯಾನರ್ ಅಂತ ಆಪ್‌ಗಳಿವೆ. ತೀರಾ ಹಳೇ ಗಾಡಿಗಳಲ್ಲಿ ಈ ಸಾಕೆಟ್ ಇರಲ್ಲ, ಇದ್ದರೂ ಕೆಲವು ಮಾತಾಡಲ್ಲ. ಪಂಪಿನ ಹಳೇ ಡೀಸೆಲ್ ಎಂಜಿನ್ ಇರೋರು ಮುಂದೆ ಬರೋ ಕಣ್ಣಿನ ಪರೀಕ್ಷೆಗಳನ್ನೇ ಮಾಡಿ.

ನನ್ನ ಗಾಡಿ ಕೊಟ್ಟ ಕೋಡ್ ಪಿ0299. ಟರ್ಬೊ ಒತ್ತಡ ಬೇಕಾದಷ್ಟು ಬರ್ತಿಲ್ಲ ಅಂತ ಅದರ ಅರ್ಥ. ಇಲ್ಲೇ ಎಲ್ಲರೂ ಎಡವೋದು. 'ಒತ್ತಡ ಬರ್ತಿಲ್ಲ' ಅಂದ್ರೆ 'ಟರ್ಬೊ ಹೋಗಿದೆ' ಅಂತ ಅಲ್ಲ. ಕೊನೆ ನಲ್ಲಿಯಲ್ಲಿ ನೀರು ಬರಲಿಲ್ಲ ಅಂದ್ರೆ ಮೋಟಾರೇ ಸುಟ್ಟಿದೆ ಅಂತೀರಾ? ಪೈಪ್ ಒಡೆದಿರಬಹುದು, ವಾಲ್ವ್ ಮುಚ್ಚಿರಬಹುದು. ನೀವು ನೋಡಬಹುದಾದ ಇನ್ನು ಕೆಲವು ಕೋಡ್: ಪಿ0234 ಅಂದ್ರೆ ಒತ್ತಡ ಜಾಸ್ತಿ ಆಗ್ತಿದೆ, ಪಿ0087 ಅಂದ್ರೆ ಇಂಧನ ರೈಲಿನ ಒತ್ತಡ ಸಾಲದು, ಪಿ2463 ಅಂದ್ರೆ ಹೊಗೆ ಫಿಲ್ಟರಿನಲ್ಲಿ ಮಸಿ ತುಂಬಿದೆ. ಕೋಡ್ ಅಳಿಸೋ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಕೋಡಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಓಡುವಾಗಿನ ಎರಡು ಸಂಖ್ಯೆ. ಒಂದು, ಎಂಜಿನ್‌ಗೆ ಹೋಗೋ ಗಾಳಿಯ ಒತ್ತಡ, ಆಪಿನಲ್ಲಿ 'ಮ್ಯಾಪ್' ಅಂತ ಇರುತ್ತೆ. ಇನ್ನೊಂದು ಆ ಗಾಳಿಯ ಬಿಸಿ, 'ಇಂಟೇಕ್ ಏರ್ ಟೆಂಪರೇಚರ್'. ಇದರಲ್ಲಿ ಒಂದು ಎಚ್ಚರ: ಕೆಲವು ಗಾಡಿಗಳಲ್ಲಿ ಬಿಸಿ ಅಳೆಯೋ ಸೆನ್ಸರ್ ಏರ್ ಫಿಲ್ಟರ್ ಹತ್ತಿರ ಇರುತ್ತೆ, ಅದು ಹೊರಗಿನ ಗಾಳಿಯ ಬಿಸಿಯನ್ನಷ್ಟೇ ತೋರಿಸುತ್ತೆ. ಇಂಟರ್‌ಕೂಲರ್ ಆದಮೇಲಿನದ್ದು ಬೇಕು.

ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ನೋಡಿದರೆ ನಿಮ್ಮೂರಿನ ಗಾಳಿಯ ಒತ್ತಡವೇ ಬರಬೇಕು. ಕರಾವಳಿಯಲ್ಲಿ 100 ಕಿಲೋಪಾಸ್ಕಲ್ ಆಸುಪಾಸು, ಎತ್ತರದಲ್ಲಿರೋ ಬೆಂಗಳೂರಿನಲ್ಲಿ 91ರ ಸುತ್ತ, ನಮ್ಮಲ್ಲಿ 94 ಬಂತು. ಇದು ಬೇರೆ ಏನೋ ತೋರಿಸಿದರೆ ಸೆನ್ಸರೇ ಸುಳ್ಳು ಹೇಳ್ತಿದೆ. ಆಮೇಲೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿ ಫೋನ್ ಅವನ ಕೈಗೆ ಕೊಟ್ಟೆ. ದಯವಿಟ್ಟು ಓಡಿಸೋರು ಫೋನ್ ನೋಡಬೇಡಿ. ಆಪಿನಲ್ಲಿ ರೆಕಾರ್ಡ್ ಮಾಡೋ ಸೌಲಭ್ಯ ಇದೆ, ಒಬ್ಬರೇ ಇದ್ದರೆ ಅದನ್ನು ಹಾಕಿಕೊಂಡು ಆಮೇಲೆ ನೋಡಿ.

ಬೆಳಿಗ್ಗೆ ಆರೂವರೆಗೆ ಖಾಲಿ ಗಾಡಿ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ: ಮ್ಯಾಪ್ 205. ಅಂದ್ರೆ ಹೊರಗಿನ ಒತ್ತಡದ ಎರಡು ಪಟ್ಟಿಗೂ ಜಾಸ್ತಿ, ಟರ್ಬೊ ಜೀವಂತ ಇದೆ! ಅದೇ ಏರು, ಮಧ್ಯಾಹ್ನ ಒಂದು ಗಂಟೆ, ಹೊರಗೆ 39 ಡಿಗ್ರಿ, ಲೋಡ್ ಇದೆ: ಮ್ಯಾಪ್ 160, ಗಾಳಿಯ ಬಿಸಿ 88 ಡಿಗ್ರಿ. ಐದು ನಿಮಿಷ ಆದಮೇಲೆ ಒಮ್ಮೆಲೇ ಮ್ಯಾಪ್ 110ಕ್ಕೆ ಬಿತ್ತು, ಗಾಡಿ ಸತ್ತಿತು. ತಮ್ಮ ಸ್ಕ್ರೀನ್ ನೋಡಿ "ಅಣ್ಣ, ಒಂದಲ್ಲ ಕಣೋ, ಮೂರು ರೋಗ ಇರೋ ಹಂಗೈತೆ" ಅಂದ. ತಮಾಷೆಗೆ ಅಂದದ್ದು ನಿಜವೇ ಆಗಿತ್ತು.

ಮೊದಲನೆಯದು: ಹೊಟ್ಟು

ಓಡ್ತಿರೋ ಗಾಡಿಯಲ್ಲಿ ಇಂಟರ್‌ಕೂಲರ್ ದಾಟಿದ ಗಾಳಿ ಹೊರಗಿನದಕ್ಕಿಂತ 20 ಡಿಗ್ರಿ ಜಾಸ್ತಿ ಇದ್ದರೆ ಒಪ್ಪಬಹುದು. ನಿಂತಲ್ಲೇ ಅದು ಏರುತ್ತೆ, ಅದಕ್ಕೆ ಗಾಬರಿ ಬೇಡ. ನನ್ನದು ಓಡುವಾಗಲೇ ಸುಮಾರು 50 ಡಿಗ್ರಿ ಜಾಸ್ತಿ. ಮುಂದಿನ ಗ್ರಿಲ್ ಬಿಚ್ಚಿ ಟಾರ್ಚ್ ಹಾಕಿದೆ. ಏಸಿ ಜಾಲರಿ, ಇಂಟರ್‌ಕೂಲರ್, ರೇಡಿಯೇಟರ್ ಒಂದರ ಹಿಂದೆ ಒಂದು ಇರುತ್ತವಲ್ಲ, ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕ. ನಡುವಿನ ಸಂದಿಯಲ್ಲಿ ಶೇಂಗಾ ಹೊಟ್ಟು, ರಾಗಿ ಹುಲ್ಲಿನ ಚೂರು, ಸತ್ತ ಚಿಟ್ಟೆ, ಅದರ ಮೇಲೆ ಎಣ್ಣೆ ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಕಣದಲ್ಲಿ ಗಾಡಿ ಸ್ಟಾರ್ಟ್ ಮಾಡಿಕೊಂಡೇ ಲೋಡ್ ಮಾಡ್ತಿದ್ವಿ, ಫ್ಯಾನ್ ಎಲ್ಲವನ್ನೂ ಒಳಗೆ ಎಳ್ಕೊಂಡಿತ್ತು.

ಇಲ್ಲಿ ನಾನು ಮಾಡಿದ ದಡ್ಡತನ ಹೇಳ್ತೀನಿ. ಔಷಧಿ ಹೊಡೆಯೋ ಪವರ್ ಸ್ಪ್ರೇಯರ್ ತಗೊಂಡು ಮುಂದಿನಿಂದ ಜೋರಾಗಿ ನೀರು ಹೊಡೆದೆ. ಜಾಲರಿಯ ತೆಳು ರೆಕ್ಕೆಗಳು ಒಂದು ಮೊಳದಷ್ಟು ಉದ್ದ ಮಡಚಿಕೊಂಡು, ಕಸ ಇನ್ನೂ ಒಳಕ್ಕೆ ಹೋಯ್ತು. ಆಮೇಲೆ ಒಂದು ಸಂಜೆ ಪೂರ್ತಿ ಕೂತು ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಒಂದೊಂದೇ ರೆಕ್ಕೆ ನೆಟ್ಟಗೆ ಮಾಡಿದೆ. ಸರಿಯಾದ ಕ್ರಮ ಏನೆಂದರೆ, ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಳಿ ಬರೋ ದಿಕ್ಕಿಗೆ ಎದುರಾಗಿ, ಅಂದ್ರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೊದಲು ಬರೀ ಗಾಳಿ ಹೊಡೀಬೇಕು. ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರು ಹಾಕಿ ನೆನೆಯೋಕೆ ಬಿಟ್ಟು, ತೋಟದ ಪೈಪಿನ ಸಾಧಾರಣ ನೀರಲ್ಲಿ ತೊಳೀಬೇಕು. ವೈರಿಂಗ್ ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ.

ಅದೇ ಹೊತ್ತಿಗೆ ಏರ್ ಫಿಲ್ಟರ್ ತೆಗೆದು ನೋಡಿ. ಬೇಸಿಗೆಯ ಮಣ್ಣು ರಸ್ತೆಯಲ್ಲಿ ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ನಡೆಯಲ್ಲ, ಅದಕ್ಕೂ ಮುಂಚೆಯೇ ಕಟ್ಟಿರುತ್ತೆ. ಕೊಡವಿ ಎಷ್ಟು ಸಲ ಹಾಕ್ತೀರಿ, ಹೊಸದು ಹಾಕಿ.

ಇಷ್ಟಾದ ಮೇಲೆ ಅದೇ ಏರಿನಲ್ಲಿ ಗಾಳಿಯ ಬಿಸಿ 60ಕ್ಕೆ ಬಂತು. ಒಂದು ರೋಗ ಹೋಯ್ತು. ಮ್ಯಾಪ್ ಮಾತ್ರ ಇನ್ನೂ 160, 165.

ಎರಡನೆಯದು: ಬಿಸಿಗೆ ಬಾಯಿ ಬಿಡುವ ಪೈಪ್

ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್‌ಗೆ ದಪ್ಪ ರಬ್ಬರ್ ಪೈಪ್‌ಗಳಿವೆ. ತಣ್ಣಗಿರುವಾಗ ಗಟ್ಟಿ ಇರುತ್ತವೆ. ಕಾದ ಮೇಲೆ ಮೆತ್ತಗಾಗಿ, ಒತ್ತಡ ಬಂದಾಗ ಬಿರುಕು ಬಾಯಿ ಬಿಡುತ್ತೆ, ಇಲ್ಲವೇ ಕ್ಲಿಪ್ಪಿನ ಹತ್ತಿರ ಜಾರುತ್ತೆ. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ ಅನ್ನೋದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಗಾಡಿ ನಿಲ್ಲಿಸಿ ಕೈ ಆಡಿಸಿದರೆ ಏನೂ ಸಿಗಲ್ಲ, ಯಾಕಂದ್ರೆ ಐಡಲಿಂಗ್‌ನಲ್ಲಿ ಒತ್ತಡವೇ ಇರಲ್ಲ.

ಮೊದಲ ಸುಳಿವು ಎಣ್ಣೆ ಕಲೆ. ಈ ಪೈಪ್ ಒಳಗೆ ತೆಳ್ಳಗೆ ಆಯಿಲ್ ಪಸೆ ಇರೋದು ಸಹಜ, ಸೋರೋ ಕಡೆ ಅದು ಹೊರಗೆ ಬಂದು ಧೂಳು ಹಿಡಿದು ಕಪ್ಪಗೆ ಅಂಟಿರುತ್ತೆ. ನನ್ನದರಲ್ಲಿ ಕೆಳಗಿನ ಬಾಗಿದ ಪೈಪಿನ ತಳದಲ್ಲಿ ಅಂಥ ಕಲೆ ಇತ್ತು. ಖಾತ್ರಿಗೆ ಮೇಸ್ತ್ರಿ ಹೇಳಿದ ಉಪಾಯ ಮಾಡಿದೆ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟರ್ಬೊಗೆ ಹೋಗೋ ಬಾಯಿಗೆ ಅಳತೆಗೆ ಸರಿಯಾದ ಪಿವಿಸಿ ಎಂಡ್ ಕ್ಯಾಪ್ ಕ್ಲಿಪ್ ಹಾಕಿ ಬಿಗಿದೆ. ಅದಕ್ಕೆ ಮೊದಲೇ ತೂತು ಕೊರೆದು ಹಳೇ ಟ್ಯೂಬಿನ ವಾಲ್ವ್ ಕೂರಿಸಿದ್ದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಬಿಡಿಸಿದೆ, 10 ಪಿಎಸ್‌ಐ ಸಾಕು. ಟೈರಿಗೆ ಹಾಕೋ ಹಾಗೆ 30, 40 ಹಾಕಿದರೆ ಕ್ಯಾಪ್ ಗುಂಡಿನ ಹಾಗೆ ಹಾರುತ್ತೆ, ಅದರ ಎದುರಿಗೆ ನಿಲ್ಲಬೇಡಿ. ಎಂಜಿನ್ ಬಂದ್ ಇರಬೇಕು. ಸೋಪು ನೀರು ಸವರುತ್ತಾ ಹೋದರೆ, ಕಲೆ ಇದ್ದ ಕಡೆ ಒಂದು ಬೆರಳುದ್ದ ಬಿರುಕಿನಿಂದ ಗುಳ್ಳೆ ಎದ್ದವು.

ಹೊಸ ಪೈಪ್ 1,100, ಎರಡು ಕ್ಲಿಪ್ 120 ರೂಪಾಯಿ. ಟೇಪ್ ಸುತ್ತೋಕೆ ಹೋಗಬೇಡಿ, ಒಂದು ಏರು ಕೂಡ ನಿಲ್ಲಲ್ಲ. ಮ್ಯಾಪ್ ಮಧ್ಯಾಹ್ನವೂ 205ಕ್ಕೆ ಬಂತು, ಕಪ್ಪು ಹೊಗೆಯೂ ನಿಂತಿತು. ಎರಡನೇ ಲೋಡ್ ತುಂಬಿಕೊಂಡು ಖುಷಿಯಾಗಿ ಹೊರಟೆ. ಚಿತ್ರದುರ್ಗ ದಾಟಿದ ಮೇಲೆ ಮತ್ತೆ ಒಮ್ಮೆಲೇ ಸತ್ತಿತು. 110.

ಮೂರನೆಯದು: ನಲ್ಲಿ ತಿರುಗಿಸುವ ಕೈ

ಬೇಜಾರಲ್ಲಿ ಗಾಡಿಯನ್ನು ಮರದ ಕೆಳಗೆ ಹಾಕಿ ಮೇಸ್ತ್ರಿಗೆ ವೀಡಿಯೊ ಕಾಲ್ ಮಾಡಿದೆ. "ಟರ್ಬೊ ಪಕ್ಕ ಒಂದು ಡಬ್ಬಿ, ಅದರಿಂದ ಒಂದು ಕಡ್ಡಿ ಐತೆ ನೋಡು. ತಮ್ಮನಿಗೆ ಸ್ಟಾರ್ಟ್ ಮಾಡೋಕೆ ಹೇಳು, ಕಡ್ಡಿ ಅಲ್ಲಾಡ್ತದಾ?" ಅಂದರು.

ಈಗಿನ ಎಷ್ಟೋ ಡೀಸೆಲ್ ಟರ್ಬೊಗಳಲ್ಲಿ ಹೊಗೆ ಬಡಿಯೋ ಕೋನವನ್ನು ಬದಲಿಸೋ ರೆಕ್ಕೆಗಳಿವೆ. ಅವನ್ನು ಆ ಕಡ್ಡಿ ತಿರುಗಿಸುತ್ತೆ. ಕಡ್ಡಿಯನ್ನು ಎಳೆಯೋದು ವ್ಯಾಕ್ಯೂಮ್, ಅಂದ್ರೆ ಗಾಳಿ ಹೀರುವ ಬಲ. ಆ ವ್ಯಾಕ್ಯೂಮನ್ನು ಎಷ್ಟು ಬಿಡಬೇಕು ಅಂತ ಇಸಿಯು ಹೇಳಿದ ಹಾಗೆ ನಡೆಸೋದು ಒಂದು ಚಿಕ್ಕ ಕರೆಂಟ್ ವಾಲ್ವ್, ಸೊಲೆನಾಯ್ಡ್. ಇಂಥ ವ್ಯವಸ್ಥೆ ಇರೋ ಗಾಡಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಕಡ್ಡಿ ಒಂದು ಕಡೆ ಎಳೆದುಕೊಳ್ಳಬೇಕು, ಬಂದ್ ಮಾಡಿದರೆ ವಾಪಸ್ ಬರಬೇಕು. ಕೆಲವು ಗಾಡಿಗಳಲ್ಲಿ ವ್ಯಾಕ್ಯೂಮ್ ಬದಲು ಮೋಟಾರ್ ಇರುತ್ತೆ, ಹಳೇ ಟರ್ಬೊಗಳಲ್ಲಿ ಒತ್ತಡದಿಂದಲೇ ತೆರೆಯೋ ಬಾಗಿಲು ಇರುತ್ತೆ. ಅವಕ್ಕೆ ಈ ಪರೀಕ್ಷೆ ಹೊಂದಲ್ಲ.

ತಮ್ಮ ಸ್ಟಾರ್ಟ್ ಮಾಡಿದ. ಕಡ್ಡಿ ಕದಲಲಿಲ್ಲ. ಕೈ ದೂರ ಇಟ್ಟುಕೊಂಡು ನೋಡಿ, ಟರ್ಬೊ ಮೈ ಆ ಹೊತ್ತಿನಲ್ಲಿ ಚರ್ಮ ಕಿತ್ತು ಬರುವಷ್ಟು ಕಾದಿರುತ್ತೆ. ಸೊಲೆನಾಯ್ಡ್ ಇದ್ದದ್ದು ಸೈಲೆನ್ಸರ್ ಪೈಪಿಗೆ ಒಂದು ಗೇಣು ದೂರದಲ್ಲಿ. ಮೇಸ್ತ್ರಿ ಹೇಳಿದ ಹಾಗೆ ಎಂಜಿನ್ ಬಂದ್ ಮಾಡಿ, ಬಟ್ಟೆ ಒದ್ದೆ ಮಾಡಿ ಹಿಂಡಿ ಅದರ ಮೇಲೆ ಮಾತ್ರ ಹಾಕಿದೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕಡ್ಡಿ ಸರಕ್ಕನೆ ಎಳೆದುಕೊಳ್ತು! ಒಳಗಿನ ತಂತಿಸುರುಳಿ ಕಾದಾಗ ಕೆಲಸ ಬಿಡ್ತಿತ್ತು, ತಣ್ಣಗಾದರೆ ಮತ್ತೆ ಹಿಡೀತಿತ್ತು. ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು: ರೆಸ್ಟ್ ತಗೊಂಡ್ರೆ ಸರಿಹೋಗೋ ಸಾಮಾನು ಕೂಡ ಇರುತ್ತೆ.

ಮನೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿದೆ, ಕಡ್ಡಿಯ ಡಬ್ಬಿಯೇ ತೂತಾಗಿಲ್ಲ ಅಂತ ಖಾತ್ರಿ ಬೇಕಿತ್ತು. ದನಕ್ಕೆ ಔಷಧಿ ಕುಡಿಸೋ ದೊಡ್ಡ ಸಿರಿಂಜಿಗೆ ಡ್ರಿಪ್ಪಿನ ಮೈಕ್ರೋ ಟ್ಯೂಬ್ ಸೇರಿಸಿ, ಡಬ್ಬಿಯ ಮೂತಿಗೆ ಹಾಕಿ ಹಿಂದಕ್ಕೆ ಎಳೆದೆ. ಕಡ್ಡಿ ಪೂರ್ತಿ ಅಲ್ಲದಿದ್ದರೂ ಅಲ್ಲಾಡಿತು, ಹಿಡಿದುಕೊಂಡಷ್ಟು ಹೊತ್ತು ನಿಂತಿತು. ಡಬ್ಬಿ ಸರಿ ಇದೆ. ವ್ಯಾಕ್ಯೂಮಿನ ಸಣ್ಣ ರಬ್ಬರ್ ಪೈಪುಗಳನ್ನು ಮಡಚಿ ನೋಡಿದರೆ ಒಂದರ ತುದಿ ಸೀಳಿತ್ತು, ಒಂದು ಇಂಚು ಕತ್ತರಿಸಿ ಮತ್ತೆ ಹಾಕಿದೆ. ಸೊಲೆನಾಯ್ಡ್ 2,300 ರೂಪಾಯಿ. ಬದಲಿಸೋಕೆ ಬೇಕಾದದ್ದು ಎರಡು ಬೋಲ್ಟ್, ಒಂದು ಸಾಕೆಟ್. ಪೈಪುಗಳು ಅದಲುಬದಲಾಗದ ಹಾಗೆ ಬಿಚ್ಚೋ ಮುಂಚೆ ಫೋಟೊ ತೆಗೆದುಕೊಂಡಿದ್ದೆ, ನೀವೂ ಹಾಗೆ ಮಾಡಿ.

ಟರ್ಬೊ ನಿಜವಾಗಿ ಹೋಗಿದ್ದರೆ?

ಹೋಗುತ್ತೆ, ಹೋಗಲ್ಲ ಅಂತಲ್ಲ. ಆಂಬುಲೆನ್ಸ್ ಸೈರನ್ ತರ ಕೂಗು, ನೀಲಿ ಹೊಗೆ, ಆಯಿಲ್ ಬೇಗ ಇಳಿಯೋದು ಅದರ ಲಕ್ಷಣ. ಎಂಜಿನ್ ಬಂದ್ ಆಗಿ ಪೂರ್ತಿ ತಣ್ಣಗಿರುವಾಗ ಗಾಳಿ ಪೈಪ್ ಬಿಚ್ಚಿ ಚಕ್ರದ ನಡುವಿನ ದಂಡನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಚೂರು ಅಲುಗಾಡೋದು ಸಹಜ. ರೆಕ್ಕೆ ಗೋಡೆಗೆ ತಾಗುವಷ್ಟು ಅಲುಗಾಡಿದರೆ, ಅಥವಾ ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಸರಿದರೆ ಟರ್ಬೊ ಹೋಗಿದೆ. ಇಷ್ಟು ತೋರಿಸದೆ ಟರ್ಬೊ ಬದಲಿಸಬೇಕು ಅನ್ನೋರಿಗೆ ದುಡ್ಡು ಕೊಡಬೇಡಿ. ನನ್ನದು ಕಲ್ಲಿನ ಹಾಗಿತ್ತು.

ನನ್ನ ಗಾಡಿಯಲ್ಲಿ ಇಲ್ಲದಿದ್ದರೂ ಬೇಸಿಗೆಯಲ್ಲಿ ಕಾಡುವ ಇನ್ನೆರಡು ವಿಷಯ ಹೇಳಿಬಿಡ್ತೀನಿ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಉಳಿದ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಬರುತ್ತೆ. ಟ್ಯಾಂಕಿನಲ್ಲಿ ಸ್ವಲ್ಪವೇ ಇದ್ದರೆ ಅದೆಲ್ಲ ಬೇಗ ಕಾಯುತ್ತೆ, ಕಾದ ಡೀಸೆಲ್ ತೆಳ್ಳಗಾಗಿ ಸವೆದ ಪಂಪಿನಲ್ಲಿ ಒತ್ತಡ ನಿಲ್ಲಲ್ಲ. ಪಿ0087 ಕೋಡ್ ಮಧ್ಯಾಹ್ನ ಮಾತ್ರ ಬರ್ತಿದ್ದರೆ ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕ್ ಅರ್ಧ ತುಂಬಿಸಿ ಓಡಿಸಿ ನೋಡಿ. ಎರಡನೆಯದು 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿ ಇರೋರಿಗೆ. ಹೊಲ, ಮನೆ, ಡೈರಿ ಅಂತ ಬರೀ ಸಣ್ಣ ಓಡಾಟ ಮಾಡಿದರೆ ಹೊಗೆ ಫಿಲ್ಟರಿನಲ್ಲಿ ಮಸಿ ತುಂಬಿ ಶಕ್ತಿ ಇಳಿಯುತ್ತೆ. ದೀಪ ಬಂದರೆ ಪುಸ್ತಕದಲ್ಲಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಮಸಿ ಸುಟ್ಟುಹೋಗುತ್ತೆ. ಆ ಹೊತ್ತಿನಲ್ಲಿ ಸೈಲೆನ್ಸರ್ ವಿಪರೀತ ಕಾದಿರುತ್ತೆ. ಬಂದವರೇ ಒಣ ಹುಲ್ಲಿನ ಮೇಲೆ, ಬಣವೆ ಪಕ್ಕ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಕಿಡಿಯೇ ಬೇಕಿಲ್ಲ, ಆ ಬಿಸಿಯೇ ಸಾಕು.

ಟರ್ಬೊ ಇರೋ ದೊಡ್ಡ ಟ್ರಾಕ್ಟರ್ ಇಟ್ಟುಕೊಂಡವರಿಗೂ ಹೊಟ್ಟು, ಪೈಪು, ಫಿಲ್ಟರಿನ ಮಾತು ಹಾಗೇ ಅನ್ವಯಿಸುತ್ತೆ. ಒಕ್ಕಣೆ ದಿನಗಳಲ್ಲಿ ಸಂಜೆ ದಿನಾ ಒಂದು ಸಲ ಜಾಲರಿಗೆ ಗಾಳಿ ಹೊಡೀರಿ.

ನನ್ನ ಒಟ್ಟು ಖರ್ಚು ಸ್ಕ್ಯಾನರ್, ಪೈಪ್, ಕ್ಲಿಪ್, ಸೊಲೆನಾಯ್ಡ್, ಏರ್ ಫಿಲ್ಟರ್ ಸೇರಿ ಐದು ಸಾವಿರ ದಾಟಲಿಲ್ಲ. ಕೊನೇ ಲೋಡನ್ನು ಮಧ್ಯಾಹ್ನ ಎರಡು ಗಂಟೆಗೆ, 40 ಡಿಗ್ರಿಯಲ್ಲಿ, ಅದೇ ಏರಿನಲ್ಲಿ ನಾಲ್ಕನೇ ಗೇರಲ್ಲಿ ಹತ್ತಿಸಿದೆ. ಮ್ಯಾಪ್ 204, ಗಾಳಿಯ ಬಿಸಿ 61. ಲಾರಿ ಹಿಂದೆ ಹಾಕಬಹುದಿತ್ತು, ತಮ್ಮ ಬೇಡ ಅಂದ. ಅವನಿಗೆ ಬಸ್ಸಿನ ಹಾರ್ನ್ ಇನ್ನೂ ಮರೆತಿಲ್ಲ.